ನಮ್ಮ ಮಕ್ಕಳ ನಾಲಿಗೆಯ ಮೇಲೆ ಯಾರ ಹಾಡು?



ನಿಮ್ಮ ಮನೆಯಲ್ಲಿ ಹತ್ತರಿಂದ ಇಪ್ಪತ್ತು ವರ್ಷದೊಳಗಿನ ಮಕ್ಕಳಿದ್ದರೆ ‘ರ‍್ಯಾಪ್’ ಎಂಬ ಶಬ್ದವನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಹಾಡಿನಂತೆ ರಾಗ ಎಳೆಯದೆ, ಮಾತಿನಂತೆ ಸುಮ್ಮನೆ ಹೇಳಿ ಮುಗಿಸದೆ, ತಾಳಕ್ಕೆ ಸರಿಯಾಗಿ ಪ್ರಾಸ ಜೋಡಿಸಿ ಪಟಪಟನೆ ಹೇಳುವ ಕಲೆ ಅದು. ಕದ್ವಾಡದಿಂದ ಕಾರವಾರಕ್ಕೆ ಹೋಗುವ ಬಸ್ಸಿನಲ್ಲಿ ಕಾಲೇಜು ಹುಡುಗರ ಪಕ್ಕ ಕುಳಿತರೆ ಸಾಕು, ಕಿವಿಗೆ ಸಿಕ್ಕಿಸಿಕೊಂಡ ಯಂತ್ರದಿಂದ ಹೊರಗೂ ಅದರ ಸದ್ದು ಕೇಳುತ್ತದೆ. ಶಾಲೆಯ ವಾರ್ಷಿಕೋತ್ಸವದಲ್ಲಿ, ಮದುವೆ ಮನೆಯ ಅಂಗಳದಲ್ಲಿ, ಕ್ರಿಕೆಟ್ ಮೈದಾನದಲ್ಲಿ ಅದೇ. ಹಿರಿಯರು ‘ಏನಿದು ಗದ್ದಲ’ ಎಂದು ಮುಖ ತಿರುಗಿಸುತ್ತೇವೆ. ಮುಖ ತಿರುಗಿಸಿದ ಮಾತ್ರಕ್ಕೆ ಮಕ್ಕಳ ಕಿವಿ ಮುಚ್ಚುತ್ತದೆಯೇ?

ನಾನು ಮದ್ರಸಾದಲ್ಲಿ ಓದಿ, ಆಮೇಲೆ ಖಾಸಗಿಯಾಗಿ ಕಟ್ಟಿ ಬಿ.ಎ. ಪಾಸಾದವನು. ಹಗಲು ಒಂದು ಖಾಸಗಿ ಶಾಲೆಯಲ್ಲಿ ಪಾಠ, ಮಗ್ರಿಬ್ ನಮಾಝಿನ ಬಳಿಕ ಮಕ್ಕಳಿಗೆ ದೀನೀ ಪಾಠ. ಇಂಥವನು ರ‍್ಯಾಪ್ ಹಾಡುಗಾರರ ಬಗ್ಗೆ ಬರೆಯುವುದೇಕೆ ಎಂದು ನೀವು ಕೇಳಬಹುದು. ಕಾರಣವಿದೆ. ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ನನ್ನ ಬಳಿ ಬಂದರು. ಹುಡುಗ ದ್ವಿತೀಯ ಪಿಯುಸಿ. ತಂದೆ ಗಲ್ಫಿನಲ್ಲಿ ಡ್ರೈವರ್. “ಹಜ್ರತ್, ಕಾಲೇಜು ಬಿಟ್ಟು ಬೆಂಗಳೂರಿಗೆ ಹೋಗುತ್ತಾನಂತೆ. ರ‍್ಯಾಪ್ ಹಾಡುತ್ತಾನಂತೆ, ಆಮೇಲೆ ಸಿನಿಮಾಕ್ಕೆ ಸೇರುತ್ತಾನಂತೆ. ಚಂದನ್ ಶೆಟ್ಟಿ ಹಾಗೇ ಮೇಲೆ ಬಂದದ್ದಲ್ಲವಾ ಅಂತ ನನ್ನನ್ನೇ ಕೇಳುತ್ತಾನೆ. ನಿಮ್ಮ ಮಾತು ಕೇಳುತ್ತಾನೆ, ನೀವಾದರೂ ಹೇಳಿ” ಎಂದರು. ಹೇಳಬೇಕಾದರೆ ಮೊದಲು ತಿಳಿದಿರಬೇಕಲ್ಲ? ತಿಳಿಯದ ವಿಷಯಕ್ಕೆ ‘ಬೇಡ’ ಎಂದುಬಿಡುವುದು ಸುಲಭ. ಆದರೆ ಹದಿನೇಳರ ಹುಡುಗನ ಮುಂದೆ ಆ ‘ಬೇಡ’ ಎರಡು ನಿಮಿಷವೂ ನಿಲ್ಲುವುದಿಲ್ಲ. ಹಾಗಾಗಿ ಕೆಲವು ವಾರ ನಾನು ಈ ವಿಷಯದ ಬೆನ್ನು ಹತ್ತಿದೆ. ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಕನ್ನಡದಲ್ಲಿ ರ‍್ಯಾಪ್ ಎಂದರೆ ಮನೆಮನೆಗೆ ಗೊತ್ತಿರುವ ಹೆಸರು ಚಂದನ್ ಶೆಟ್ಟಿ. ಈ ಕಲೆಯನ್ನು ಕನ್ನಡಕ್ಕೆ ತಂದವರು ಅವರೊಬ್ಬರೇ ಅಲ್ಲ. ‘ಆಲ್ ಓಕೆ’ ಎಂಬ ಹೆಸರಿನಲ್ಲಿ ಹಾಡುವ ಅಲೋಕ್ ಬಾಬು ಮೊದಲಾದವರೂ ದಾರಿ ಕಡಿದವರೇ. ಆದರೆ ಹಳ್ಳಿಯ ಕಿರಾಣಿ ಅಂಗಡಿಯವರೆಗೂ ಅದನ್ನು ಮುಟ್ಟಿಸಿದ್ದರಲ್ಲಿ ಚಂದನ್ ಶೆಟ್ಟಿಯವರ ಪಾಲು ದೊಡ್ಡದು. ಹಾಸನ ಜಿಲ್ಲೆಯ ಹುಡುಗ. 2012ರ ಸುಮಾರಿಗೆ ಸಂಗೀತ ನಿರ್ದೇಶಕ ಅರ್ಜುನ್ ಜನ್ಯ ಅವರ ಬಳಿ ಸಹಾಯಕರಾಗಿ, ಹಾಡು ಬರೆಯುವವರಾಗಿ ಚಿತ್ರರಂಗಕ್ಕೆ ಬಂದರು. ಇನ್ನೊಬ್ಬರ ಸ್ಟುಡಿಯೊದಲ್ಲಿ ಕೆಲಸ ಕಲಿತದ್ದು ಒಂದೆರಡು ತಿಂಗಳಲ್ಲ, ವರ್ಷಗಳು. ಆಮೇಲೆ ಸ್ವಂತವಾಗಿ ‘ಹಾಳಾಗೋದೆ’ ಎಂಬ ಹಾಡು ಮಾಡಿದರು. 2016ರಲ್ಲಿ ‘3 ಪೆಗ್’ ಬಂತು. ಆ ಹಾಡು ಯೂಟ್ಯೂಬಿನಲ್ಲಿ ಓಡಿದ ಓಟ ಎಲ್ಲರಿಗೂ ಗೊತ್ತು. ಹಿಂದೆಯೇ ‘ಚಾಕಲೇಟ್ ಗರ್ಲ್’, ‘ಟಕೀಲಾ’ ಬಂದವು. 2018ರ ಜನವರಿಯಲ್ಲಿ ಬಿಗ್‌ಬಾಸ್ ಕನ್ನಡದ ಐದನೇ ಆವೃತ್ತಿಯಲ್ಲಿ ಗೆದ್ದರು. ಸಿನಿಮಾಗಳಿಗೆ ಸಂಗೀತ ಕೊಟ್ಟರು. 2020ರಲ್ಲಿ ಹೊರಬಂದ ‘ಪೊಗರು’ ಚಿತ್ರದ ‘ಖರಾಬು’ ಹಾಡು ಅವರದೇ ಸಂಗೀತ. ಬಳಿಕ ನಟನೆಗೆ ಇಳಿದು 2024ರಲ್ಲಿ ‘ವಿದ್ಯಾರ್ಥಿ ವಿದ್ಯಾರ್ಥಿನಿಯರೇ’, 2025ರಲ್ಲಿ ‘ಸೂತ್ರಧಾರಿ’ ಚಿತ್ರಗಳಲ್ಲಿ ಕಾಣಿಸಿಕೊಂಡರು. ನಮ್ಮ ಹುಡುಗನ ಕಣ್ಣಿಗೆ ಕಾಣುವುದು ಈ ಕೊನೆಯ ಮೆಟ್ಟಿಲು ಮಾತ್ರ.

ಅವರ ಸಂಸಾರದ ವಿಷಯ ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ. ಅದನ್ನು ಇಲ್ಲಿ ಎತ್ತುವುದಿಲ್ಲ. ಇನ್ನೊಬ್ಬರ ಮನೆಯ ಕಿಟಕಿಯಲ್ಲಿ ಇಣುಕುವುದನ್ನು ನಮ್ಮ ದೀನ್ ನಮಗೆ ಕಲಿಸಿಲ್ಲ. ನನ್ನ ಮಾತು ಅವರು ಬಹಿರಂಗವಾಗಿ ಹಾಡಿದ್ದರ ಬಗ್ಗೆ ಮಾತ್ರ.

‘3 ಪೆಗ್’ ಎಂದರೇನು? ಮೂರು ಗುಟುಕು ಮದ್ಯದ ಲೆಕ್ಕ. ಆ ಹಾಡು ಬಂದ ಹೊಸತರಲ್ಲಿ ನಮ್ಮ ಶಾಲೆಯ ಆರನೇ ತರಗತಿಯ ಮಕ್ಕಳು ಬೆಂಚು ಬಡಿಯುತ್ತ ಅದನ್ನು ಹೇಳುತ್ತಿದ್ದರು. ಅವರಲ್ಲಿ ಮುಸ್ಲಿಂ ಮಕ್ಕಳೂ ಇದ್ದರು, ಹಾಲಕ್ಕಿ ಮಕ್ಕಳೂ ಇದ್ದರು, ಕೊಂಕಣಿ ಮಾತಾಡುವ ಮೀನುಗಾರರ ಮಕ್ಕಳೂ ಇದ್ದರು. ‘ಪೆಗ್ ಅಂದ್ರೆ ಏನೋ?’ ಎಂದು ಒಬ್ಬನನ್ನು ಕೇಳಿದೆ. ಅವನು ನಗಲಿಲ್ಲ. “ಅಪ್ಪ ಕುಡಿಯೋದು ಸರ್” ಎಂದ. ಪಕ್ಕದ ಹುಡುಗರು ಸುಮ್ಮನಾದರು. ಓದುಗರೇ, ಆ ಒಂದು ಉತ್ತರ ನನಗೆ ಬಹಳ ದಿನ ಕೇಳಿಸುತ್ತಿತ್ತು. ಬೆಂಗಳೂರಿನ ಪಾರ್ಟಿಯಲ್ಲಿ ಮೂರು ಪೆಗ್ ತಮಾಷೆಯ ಮಾತಿರಬಹುದು. ಸಂಬಳದ ದಿನ ಸಂಜೆ ತಂದೆ ಯಾವ ಸ್ಥಿತಿಯಲ್ಲಿ ಬರುತ್ತಾನೋ ಎಂದು ಬಾಗಿಲು ನೋಡುವ ಮಗುವಿಗೆ ಅದು ತಮಾಷೆಯಲ್ಲ. ಆದರೂ ಅದೇ ಮಗು ಅದೇ ಹಾಡಿಗೆ ಬೆಂಚು ಬಡಿಯುತ್ತದೆ. ತಾಳದ ಶಕ್ತಿ ಅಂಥದು. ಅರ್ಥ ಬಾಗಿಲಲ್ಲೇ ನಿಂತಿರುತ್ತದೆ, ತಾಳ ಒಳಗೆ ಬಂದು ಕುಳಿತಾಗಿರುತ್ತದೆ.

‘ಅದು ಅವರ ಕಡೆಯ ವಿಷಯ, ನಮ್ಮಲ್ಲಿ ಮದ್ಯ ಹರಾಮ್’ ಎಂದು ಹೇಳಿ ನಾವು ನೆಮ್ಮದಿಯಾಗಿರುವ ಹಾಗೂ ಇಲ್ಲ. ನಮ್ಮ ಕರಾವಳಿಗೆ ಗೋವಾ ಎಷ್ಟು ದೂರ? ಸದಾಶಿವಗಡ ದಾಟಿದರೆ ಮಾಜಾಳಿ, ಮಾಜಾಳಿ ದಾಟಿದರೆ ಗೋವಾದ ಗಡಿ. ನಮ್ಮ ಮಹಲ್ಲಾಗಳಲ್ಲೂ ಇದರಿಂದ ಹಾಳಾದ ಮನೆಗಳಿವೆ. ಹೇಳಿಕೊಳ್ಳಲು ನಾಚಿಕೆಪಡುತ್ತೇವೆ, ಅಷ್ಟೇ. ಗಾಂಜಾದ ಪಿಡುಗು ಕಾಲೇಜುಗಳ ಗೇಟಿನವರೆಗೆ ಬಂದಿರುವುದೂ ಗುಟ್ಟೇನಲ್ಲ. 2018ರಲ್ಲಿ ಗಾಂಜಾದ ನಶೆಯನ್ನು ವರ್ಣಿಸುವ ಒಂದು ಸಿನಿಮಾ ಹಾಡಿನ ವಿಷಯದಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಚಂದನ್ ಶೆಟ್ಟಿಯವರಿಗೆ ನೋಟಿಸು ಕೊಟ್ಟಿದ್ದರು. ‘ಖರಾಬು’ ಹಾಡಿನಲ್ಲಿ ಹೆಣ್ಣನ್ನು ತೋರಿಸಿದ ರೀತಿಗೆ ಆಕ್ಷೇಪ ಬಂತು. ಅದೇ 2020ರಲ್ಲಿ ಮಲೆ ಮಹದೇಶ್ವರನ ಜನಪದ ಕಾವ್ಯಕ್ಕೆ ಸೇರಿದ ‘ಕೋಲುಮಂಡೆ’ ಪದವನ್ನು ಹೊಸ ರೀತಿಯಲ್ಲಿ ಮಾಡಿದಾಗ ಭಕ್ತರಿಗೆ ನೋವಾಯಿತು. ವಿಡಿಯೊವನ್ನು ಹಿಂದೆಗೆಯಲಾಯಿತು, ಅವರು ಕ್ಷಮೆಯನ್ನೂ ಕೇಳಿದರು. ಕ್ಷಮೆ ಕೇಳಿದ್ದು ದೊಡ್ಡತನವೇ. ಇದನ್ನೆಲ್ಲ ನಾನು ಒಬ್ಬ ಕಲಾವಿದನನ್ನು ಹೀಗಳೆಯಲು ಬರೆಯುತ್ತಿಲ್ಲ. ಕೋಟಿ ಜನ ಕೇಳುವ ನಾಲಿಗೆಗೆ ಕೋಟಿ ಜನರ ಭಾರವೂ ಇರುತ್ತದೆ ಎಂಬುದನ್ನು ಅವರ ಬದುಕೇ ತೋರಿಸಿಕೊಟ್ಟಿದೆ ಎನ್ನುತ್ತಿದ್ದೇನೆ.

ಈಗ ನಮ್ಮ ಪಕ್ಕದ ತಾಲೂಕಿಗೆ ಬನ್ನಿ. ಅಂಕೋಲೆಯ ಬಡಗೇರಿಯಲ್ಲಿ ಸುಕ್ರಿ ಬೊಮ್ಮಗೌಡ ಎಂಬ ಹಾಲಕ್ಕಿ ಅಜ್ಜಿ ಇದ್ದರು. 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಶಾಲೆಯ ಮೆಟ್ಟಿಲು ಹತ್ತದ ಆ ತಾಯಿಯ ತಲೆಯಲ್ಲಿ ಸಾವಿರಾರು ಹಾಡುಗಳಿದ್ದವು. ನಾಟಿಗೊಂದು ಹಾಡು, ಮದುವೆಗೊಂದು ಹಾಡು, ಸುಗ್ಗಿಗೊಂದು ಹಾಡು. 2017ರಲ್ಲಿ ಸರಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು. ಹಾಡಿಗಾಗಿ ಅವರನ್ನು ಬಲ್ಲವರು ಬಹಳ ಮಂದಿ. ಆದರೆ ಅದೇ ಸುಕ್ರಜ್ಜಿ ಊರಿನ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿಯ ವಿರುದ್ಧ ಹೋರಾಡಿದವರು ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಿದವರೆಷ್ಟು ಮಂದಿ? ಒಂದೇ ರಾಜ್ಯ, ಒಂದೇ ಭಾಷೆ. ಒಂದು ನಾಲಿಗೆ ಮೂರು ಪೆಗ್ಗನ್ನು ಹಾಡಿತು, ಇನ್ನೊಂದು ನಾಲಿಗೆ ಆ ಪೆಗ್ ಮನೆಗೆ ಬಾರದಂತೆ ಬೀದಿಗಿಳಿಯಿತು. ಎರಡನೆಯದನ್ನು ಯೂಟ್ಯೂಬ್ ನಮ್ಮ ಮಕ್ಕಳ ಮುಂದೆ ತಾನಾಗಿ ತಂದು ಇಡುವುದಿಲ್ಲ. ಅದನ್ನು ನಾವೇ ಇಡಬೇಕು.

ಇನ್ನು ಒಂದು ಪ್ರಶ್ನೆ ನಿಮ್ಮಲ್ಲಿ ಎದ್ದಿರಬಹುದು. ‘ಹಜ್ರತ್, ಸಂಗೀತವೇ ಸರಿಯೋ ತಪ್ಪೋ ಎಂಬುದನ್ನು ಮೊದಲು ಹೇಳಿ’ ಎಂದು. ವಾದ್ಯಗಳ ವಿಷಯದಲ್ಲಿ ಉಲಮಾಗಳ ಅಭಿಪ್ರಾಯಗಳು ನಿಮಗೆ ಗೊತ್ತೇ ಇವೆ. ಬಹುಪಾಲು ಫುಕಹಾಗಳ ನಿಲುವು ಕಠಿಣವಾಗಿಯೇ ಇದೆ. ಇದು ಫತ್ವಾದ ಅಂಕಣವಲ್ಲ, ಆದ್ದರಿಂದ ಆ ಚರ್ಚೆಯನ್ನು ಬಲ್ಲವರಿಗೆ ಬಿಡುತ್ತೇನೆ. ನಾನು ಹೇಳಹೊರಟಿರುವುದು ವಾದ್ಯದ ಬಗ್ಗೆ ಅಲ್ಲ, ಮಾತಿನ ಬಗ್ಗೆ. ಮಾತಿನ ವಿಷಯದಲ್ಲಿ ನಮ್ಮ ಪರಂಪರೆಗೆ ಹೇಳಲು ಬೇಕಾದಷ್ಟಿದೆ.

ಮದ್ರಸಾದಲ್ಲಿ ನಾವು ಅರಬಿ ಸಾಹಿತ್ಯ ಓದುವಾಗ ‘ಮಖಾಮಾತೆ ಹರೀರಿ’ ಎಂಬ ಪುಸ್ತಕ ಬರುತ್ತದೆ. ಬಸ್ರಾದ ಹರೀರಿ ಸುಮಾರು ಒಂಬತ್ತು ಶತಮಾನಗಳ ಹಿಂದೆ ಬರೆದದ್ದು. ಐವತ್ತು ಕಥೆಗಳು. ಪದ್ಯವೂ ಅಲ್ಲ, ಬರೀ ಗದ್ಯವೂ ಅಲ್ಲ. ಸಾಲು ಸಾಲಿಗೆ ಪ್ರಾಸ ಕೂಡುವ ‘ಸಜಅ್’ ಎಂಬ ಶೈಲಿ. ಉಸ್ತಾದರು ಓದುವಾಗ ನಾವು ಅರ್ಥವಾಗುವ ಮೊದಲೇ ತಲೆದೂಗುತ್ತಿದ್ದೆವು. ಈ ಹುಡುಗ ತನ್ನ ರ‍್ಯಾಪನ್ನು ನನಗೆ ಮೊದಲ ಸಲ ಕೇಳಿಸಿದಾಗ ನನಗೆ ನೆನಪಾದದ್ದು ಅದೇ ಪುಸ್ತಕ. ಅದರ ನಾಯಕ ಅಬೂ ಝೈದ್ ಎಂಬವನು ಮಹಾ ಮಾತುಗಾರ. ಊರೂರು ತಿರುಗುತ್ತಾನೆ. ಒಂದು ಕಡೆ ಕಣ್ಣೀರು ಬರಿಸುವ ಉಪದೇಶ ಮಾಡುತ್ತಾನೆ, ಜನ ದುಡ್ಡು ಕೊಡುತ್ತಾರೆ, ಆ ದುಡ್ಡಿನಲ್ಲಿ ಹೋಗಿ ಕುಡಿಯುತ್ತಾನೆ. ಮಾತು ಚಿನ್ನ, ನಡತೆ ಮಣ್ಣು. ಕೊನೆಯ ಕಥೆಯಲ್ಲಿ ಅವನು ತೌಬಾ ಮಾಡುತ್ತಾನೆ. ಪ್ರತಿಭೆ ಇದ್ದ ಮಾತ್ರಕ್ಕೆ ಮನುಷ್ಯ ಒಳ್ಳೆಯವನಾಗುವುದಿಲ್ಲ ಎಂಬುದನ್ನು ಹರೀರಿ ಐವತ್ತು ಕಥೆಗಳಲ್ಲಿ ನಗಿಸುತ್ತಲೇ ಕಲಿಸಿದ್ದಾರೆ.

ರ‍್ಯಾಪಿನಲ್ಲಿ ಇಬ್ಬರು ಎದುರುಬದುರು ನಿಂತು ಪ್ರಾಸದಲ್ಲೇ ಒಬ್ಬರನ್ನೊಬ್ಬರು ಹೀಯಾಳಿಸುವ ಪಂದ್ಯವಿದೆ. ಇದು ಅಮೆರಿಕದ ಹೊಸ ಶೋಧನೆ ಎಂದು ಹುಡುಗರು ತಿಳಿದಿದ್ದಾರೆ. ಉಮಯ್ಯಾ ಆಡಳಿತದ ಕಾಲದಲ್ಲಿ ಜರೀರ್ ಮತ್ತು ಫರಝ್ದಕ್ ಎಂಬ ಇಬ್ಬರು ಕವಿಗಳು ಇದನ್ನೇ ಮಾಡಿದ್ದರು. ಒಬ್ಬನು ಹೇಳಿದ ಛಂದಸ್ಸಿನಲ್ಲೇ, ಅದೇ ಪ್ರಾಸದಲ್ಲೇ ಇನ್ನೊಬ್ಬನು ಉತ್ತರ ಕೊಡಬೇಕು. ಬಸ್ರಾದ ಮಿರ್ಬದ್ ಸಂತೆಯಲ್ಲಿ ಜನ ಗುಂಪುಗೂಡಿ ಕೇಳುತ್ತಿದ್ದರು. ದಶಕಗಳ ಕಾಲ ನಡೆದ ಜಗಳ ಅದು. ಆದರೆ ಫರಝ್ದಕ್ ತೀರಿಕೊಂಡಾಗ ಜರೀರ್ ಅವನಿಗಾಗಿ ಶೋಕಗೀತೆ ಹೇಳಿದ ಎಂದು ಸಾಹಿತ್ಯ ಚರಿತ್ರೆ ಹೇಳುತ್ತದೆ. ಪ್ರವಾದಿ(ಸ)ರ ಕಾಲದಲ್ಲಿ ಹಸ್ಸಾನ್ ಬಿನ್ ಸಾಬಿತ್(ರ) ಕವಿಯಾಗಿದ್ದರು. ಶತ್ರುಗಳ ನಿಂದೆಗೆ ಕವಿತೆಯಲ್ಲೇ ಉತ್ತರ ಕೊಡಲು ಅವರಿಗಾಗಿ ಮಸೀದಿಯಲ್ಲೇ ಮಿಂಬರ್ ಇಡಿಸಲಾಗುತ್ತಿತ್ತು ಎಂದು ಹದೀಸ್ ಗ್ರಂಥಗಳಲ್ಲಿದೆ. ಕುರ್‌ಆನಿನ ಒಂದು ಅಧ್ಯಾಯದ ಹೆಸರೇ ‘ಕವಿಗಳು’. ನುಡಿದದ್ದನ್ನು ನಡೆಯದೆ ಕಂಡಕಂಡಲ್ಲಿ ಅಲೆಯುವ ಕವಿಗಳನ್ನು ಅದು ಖಂಡಿಸುತ್ತದೆ. ಅಲ್ಲಿಯೇ ವಿಶ್ವಾಸವಿಟ್ಟು ಒಳಿತು ಮಾಡಿದವರನ್ನು, ಅನ್ಯಾಯಕ್ಕೆ ಒಳಗಾದ ಮೇಲೆ ತಮ್ಮ ಪರವಾಗಿ ನಿಂತವರನ್ನು ಬೇರೆಯಾಗಿ ತೆಗೆದಿಡುತ್ತದೆ. ಅಂದರೆ ಪ್ರಶ್ನೆ ಪ್ರಾಸದ್ದಲ್ಲ. ಆ ಪ್ರಾಸ ಯಾರ ಪರವಾಗಿ ನಿಲ್ಲುತ್ತದೆ ಎಂಬುದೇ ಪ್ರಶ್ನೆ.

ಈ ಕಲೆ ಹುಟ್ಟಿದ ಜಾಗವನ್ನೂ ಸ್ವಲ್ಪ ನೋಡೋಣ. ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಎಂಬ ಬಡ ಬಡಾವಣೆ. 1973ರ ಆಗಸ್ಟಿನಲ್ಲಿ ಕೂಲ್ ಹರ್ಕ್ ಎಂಬ ಯುವಕ ತಂಗಿಯ ಜೊತೆ ಸೇರಿ ಒಂದು ಕಟ್ಟಡದಲ್ಲಿ ನಡೆಸಿದ ಸಣ್ಣ ಕೂಟದಿಂದ ಇದರ ಚರಿತ್ರೆ ಶುರುವಾಗುತ್ತದೆ. ಕರಿಯರು ಮತ್ತು ವಲಸೆ ಬಂದವರ ಮಕ್ಕಳು ತಮ್ಮ ಬೀದಿಯ ಸಂಕಟವನ್ನು ಹೇಳಿಕೊಳ್ಳಲು ಹುಡುಕಿಕೊಂಡ ದಾರಿ ಅದು. ನಮ್ಮ ದೇಶದಲ್ಲಿ 1990ರ ದಶಕದ ಆರಂಭದಲ್ಲಿ ಬಾಬಾ ಸೆಹಗಲ್ ಇದನ್ನು ಹಿಂದಿಯಲ್ಲಿ ಜನಪ್ರಿಯಗೊಳಿಸಿದರು, ಮುಂದೆ ಸಿನಿಮಾದಲ್ಲಿ ನಟಿಸಿದರು. ಮುಂಬಯಿಯ ಕುರ್ಲಾದ ನಾವೇದ್ ಶೇಖ್ ಎಂಬ ಹುಡುಗ ‘ನೇಝಿ’ ಎಂಬ ಹೆಸರಿನಲ್ಲಿ 2014ರಲ್ಲಿ ಐಪ್ಯಾಡಿನಲ್ಲೇ ಚಿತ್ರಿಸಿಕೊಂಡ ಹಾಡಿನಿಂದ ಹೆಸರಾದ. ಅವನ ಮತ್ತು ‘ಡಿವೈನ್’ ಎಂಬ ಇನ್ನೊಬ್ಬ ಹಾಡುಗಾರನ ಬದುಕಿನಿಂದ ಸ್ಫೂರ್ತಿ ಪಡೆದು 2019ರಲ್ಲಿ ‘ಗಲ್ಲಿ ಬಾಯ್’ ಚಿತ್ರ ಬಂತು. ನಮ್ಮ ಗಲ್ಲಿಗಳ ಹುಡುಗರಿಗೆ ರ‍್ಯಾಪಿನ ಹುಚ್ಚು ಹಿಡಿದದ್ದರಲ್ಲಿ ಆ ಚಿತ್ರದ ಪಾಲೂ ಇದೆ.

ರ‍್ಯಾಪಿನಿಂದ ನಟನೆಗೆ ಹೋದವರಲ್ಲಿ ಜಗತ್ತಿಗೆಲ್ಲ ಗೊತ್ತಿರುವವರು ಅಮೆರಿಕದ ವಿಲ್ ಸ್ಮಿತ್. ಅವರ ಬದುಕಿನ ಒಂದು ಘಟನೆ ನಮ್ಮ ಪ್ರತಿಯೊಂದು ಮನೆಗೂ ಬೇಕಾದದ್ದು. ಹುಡುಗನಾಗಿದ್ದಾಗ ವಿಲ್ ನೋಟುಪುಸ್ತಕದಲ್ಲಿ ರ‍್ಯಾಪ್ ಸಾಲುಗಳನ್ನು ಬರೆದಿಡುತ್ತಿದ್ದ. ಅದರಲ್ಲಿ ಕೆಟ್ಟ ಬೈಗುಳಗಳೂ ಇದ್ದವು. ಅದು ಅಜ್ಜಿಯ ಕೈಗೆ ಸಿಕ್ಕಿತು. ಅಜ್ಜಿ ಪುಸ್ತಕ ಹರಿಯಲಿಲ್ಲ, ಒಲೆಗೆ ಹಾಕಲಿಲ್ಲ, ಹುಡುಗನನ್ನು ಕರೆದು ಬೈಯಲೂ ಇಲ್ಲ. ಅದೇ ಪುಸ್ತಕದಲ್ಲಿ ಎರಡು ಮಾತು ಬರೆದಿಟ್ಟರು. ನಿಜವಾಗಿ ಬುದ್ಧಿ ಇರುವವರಿಗೆ ಮನಸ್ಸಿನಲ್ಲಿರುವುದನ್ನು ಹೇಳಲು ಇಂಥ ಶಬ್ದಗಳು ಬೇಕಾಗುವುದಿಲ್ಲ ಎಂಬುದು ಅದರ ತಾತ್ಪರ್ಯ. ಆ ಬಳಿಕ ತನ್ನ ಹಾಡುಗಳಲ್ಲಿ ಬೈಗುಳ ಬಳಸಲಿಲ್ಲ ಎಂದು ವಿಲ್ ಸ್ಮಿತ್ ದೊಡ್ಡವರಾದ ಮೇಲೂ ಹೇಳಿಕೊಂಡಿದ್ದಾರೆ. ಬೈಗುಳವೇ ಬಂಡವಾಳವಾಗಿದ್ದ ರಂಗದಲ್ಲಿ ಶುದ್ಧ ಮಾತಿನಿಂದಲೇ ಗೆದ್ದು, 1989ರಲ್ಲಿ ಗ್ರ್ಯಾಮಿ ಪ್ರಶಸ್ತಿ ರ‍್ಯಾಪಿಗೆ ಮೊದಲ ಸಲ ಕೊಟ್ಟಾಗ ಅದನ್ನು ತಮ್ಮ ಜೊತೆಗಾರನೊಂದಿಗೆ ಪಡೆದರು. ಆದರೆ ಆ ಬಹುಮಾನವನ್ನು ಟಿವಿಯಲ್ಲಿ ತೋರಿಸುವುದಿಲ್ಲ ಎಂದಾಗ ಸಮಾರಂಭಕ್ಕೇ ಹೋಗಲಿಲ್ಲ. 1990ರಲ್ಲಿ ಟಿವಿ ಧಾರಾವಾಹಿ, ಆಮೇಲೆ ಸಿನಿಮಾ. 2001ರಲ್ಲಿ ಮುಹಮ್ಮದ್ ಅಲಿಯವರ ಪಾತ್ರವನ್ನೂ ಮಾಡಿದರು.

ಇಂಗ್ಲೆಂಡಿನ ರಿಝ್ ಅಹ್ಮದ್ ಎಂಬವರ ಕಥೆ ನಮಗೆ ಇನ್ನೂ ಹತ್ತಿರದ್ದು. ಲಂಡನ್ನಿನಲ್ಲಿ ನೆಲೆಸಿದ ಪಾಕಿಸ್ತಾನಿ ಮೂಲದ ಮುಸ್ಲಿಂ ಮನೆಯ ಮಗ. ಆಕ್ಸ್‌ಫರ್ಡಿನಲ್ಲಿ ಓದಿದವರು. ಇದನ್ನು ನಮ್ಮ ಹುಡುಗನಿಗೆ ನಾನು ಎರಡು ಸಲ ಹೇಳಿದೆ. ‘ರಿಝ್ ಎಂಸಿ’ ಎಂಬ ಹೆಸರಿನಲ್ಲಿ ರ‍್ಯಾಪ್ ಮಾಡುತ್ತಿದ್ದರು. 2006ರಲ್ಲಿ ಗ್ವಾಂಟನಾಮೊ ಸೆರೆಮನೆಯ ಅನ್ಯಾಯವನ್ನು ಕುರಿತ ಚಿತ್ರದಲ್ಲಿ ನಟಿಸಿದರು. ಆ ಚಿತ್ರ ಬರ್ಲಿನ್ ಉತ್ಸವದಲ್ಲಿ ಪ್ರದರ್ಶನವಾಗಿ ವಾಪಸು ಬರುವಾಗ ಇಂಗ್ಲೆಂಡಿನ ವಿಮಾನ ನಿಲ್ದಾಣದಲ್ಲಿ ಅವರನ್ನೇ ತಡೆದು ವಿಚಾರಣೆ ಮಾಡಿದರು. ಸೆಪ್ಟೆಂಬರ್ 11ರ ಬಳಿಕ ಮುಸ್ಲಿಮನನ್ನು ಜಗತ್ತು ನೋಡುವ ಕಣ್ಣಿನ ಮೇಲೆ ವ್ಯಂಗ್ಯದ ರ‍್ಯಾಪ್ ಬರೆದರು. 2021ರಲ್ಲಿ ಆಸ್ಕರ್ ಅತ್ಯುತ್ತಮ ನಟ ವಿಭಾಗಕ್ಕೆ ನಾಮಕರಣಗೊಂಡ ಮೊದಲ ಮುಸ್ಲಿಂ ಎನಿಸಿಕೊಂಡರು. 2022ರಲ್ಲಿ ‘ದ ಲಾಂಗ್ ಗುಡ್‌ಬೈ’ ಎಂಬ ಕಿರುಚಿತ್ರಕ್ಕೆ ಆಸ್ಕರ್ ಪಡೆದರು. ಮದುವೆಯ ಸಡಗರದಲ್ಲಿರುವ ಒಂದು ಏಷ್ಯನ್ ಕುಟುಂಬದ ಮನೆಗೆ ದ್ವೇಷದ ಗುಂಪು ನುಗ್ಗುವ ಕಥೆ ಅದು.

ಅದೇ 2022ರ ಸಮಾರಂಭದಲ್ಲಿ ವಿಲ್ ಸ್ಮಿತ್ ಅತ್ಯುತ್ತಮ ನಟ ಪ್ರಶಸ್ತಿ ಪಡೆದರು. ಅದಕ್ಕೆ ಸ್ವಲ್ಪ ಮೊದಲು ವೇದಿಕೆಗೆ ಹೋಗಿ, ಹೆಂಡತಿಯ ತಲೆಗೂದಲಿನ ಬಗ್ಗೆ ತಮಾಷೆ ಮಾಡಿದ ಹಾಸ್ಯಗಾರನ ಕೆನ್ನೆಗೆ ಹೊಡೆದಿದ್ದರು. ಹತ್ತು ವರ್ಷ ಆ ಸಂಸ್ಥೆಯ ಸಮಾರಂಭಗಳಿಗೆ ಬಾರದಂತೆ ನಿಷೇಧ ಬಿತ್ತು. ನಾಲಿಗೆಯನ್ನು ಅಷ್ಟು ವರ್ಷ ಕಾಯ್ದುಕೊಂಡವರಿಗೆ ಒಂದು ಕ್ಷಣ ಕೈಯನ್ನು ಕಾಯ್ದುಕೊಳ್ಳಲಾಗಲಿಲ್ಲ. ಇದನ್ನು ಕೇಳಿ ನಗಬೇಡಿ. ನಾವೆಲ್ಲ ಆ ಒಂದು ಕ್ಷಣದ ದೂರದಲ್ಲೇ ಇರುವವರು.

ಇವರೆಲ್ಲರ ಬದುಕನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ವ್ಯತ್ಯಾಸ ನನ್ನ ಗಮನಕ್ಕೆ ಬಂತು. ನಟ ಹೇಳುವ ಮಾತು ಇನ್ನೊಬ್ಬರು ಬರೆದದ್ದು. ಕಳ್ಳನ ಪಾತ್ರ ಮಾಡಿದವನನ್ನು ಯಾರೂ ಕಳ್ಳ ಎನ್ನುವುದಿಲ್ಲ, ಪಾತ್ರ ಎಂಬ ಒಂದು ಕೊಡೆ ಅವನ ತಲೆಯ ಮೇಲಿದೆ. ರ‍್ಯಾಪ್ ಹಾಡುವವನಿಗೆ ಆ ಕೊಡೆ ಇಲ್ಲ. ಅವನು ‘ನಾನು’ ಎಂದೇ ಶುರು ಮಾಡುತ್ತಾನೆ. ನಾನು ಕುಡಿದೆ, ನಾನು ಹೊಡೆದೆ, ನಾನು ಸೋತೆ. ಅದನ್ನು ಗುನುಗುವ ಮಗುವೂ ‘ನಾನು’ ಎಂದೇ ಹೇಳುತ್ತದೆ. ಆದ್ದರಿಂದ ರ‍್ಯಾಪಿಗನ ಜವಾಬ್ದಾರಿ ನಟನಿಗಿಂತ ಹೆಚ್ಚು, ಕಡಿಮೆಯಲ್ಲ. ಸಿನಿಮಾಕ್ಕೆ ಹೋಗಲು ರ‍್ಯಾಪ್ ಒಂದು ಏಣಿ ಎಂದು ಹುಡುಗರು ಭಾವಿಸುತ್ತಾರೆ. ಏಣಿ ಹತ್ತಿದ ಮೇಲೂ ಹಿಂದೆ ಹಾಡಿದ ‘ನಾನು’ ಅವರನ್ನು ಬಿಡುವುದಿಲ್ಲ. ಪೊಲೀಸ್ ನೋಟಿಸು ಬರುವುದೂ ಅದಕ್ಕೇ, ಅಜ್ಜಿಯ ಎರಡು ಸಾಲು ಆಯುಷ್ಯಪೂರ್ತಿ ಉಳಿಯುವುದೂ ಅದಕ್ಕೇ.

ಹುಡುಗನ ವಿಷಯಕ್ಕೆ ಬರುತ್ತೇನೆ. ಇಶಾ ನಮಾಝ್ ಮುಗಿದ ಮೇಲೆ ಅವನನ್ನು ಕೂರಿಸಿಕೊಂಡು “ನೀನು ಬರೆದದ್ದನ್ನು ಕೇಳಿಸು” ಎಂದೆ. ಬೈಯುತ್ತೇನೆಂದು ಬಂದವನು ಗಲಿಬಿಲಿಗೊಂಡ. ಮೊದಲು ಎರಡು ಹಾಡು ಹೇಳಿದ. ಕಾರು, ಸರ, ಹುಡುಗಿ, ಶತ್ರುಗಳು. “ನಿನಗೆ ಕಾರು ಎಲ್ಲಿದೆಯೋ? ಶತ್ರು ಯಾರೋ?” ಎಂದು ಕೇಳಿದೆ. ತಲೆ ಕೆರೆದುಕೊಂಡ. “ಎಲ್ಲರೂ ಹಾಗೇ ಬರೆಯುತ್ತಾರೆ ಹಜ್ರತ್” ಎಂದ. “ನಿನ್ನದು ಯಾವುದಿದೆ, ಅದನ್ನು ಹೇಳು” ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊಬೈಲಿನಲ್ಲಿ ಬರೆದಿಟ್ಟಿದ್ದ ಮೂರನೆಯದನ್ನು ತೆಗೆದ.

ಅದು ಕಾಳಿ ಸೇತುವೆಯ ಮೇಲೆ ಬರೆದದ್ದು. 2024ರ ಮಳೆಗಾಲವನ್ನು ನಮ್ಮ ಜಿಲ್ಲೆಯವರು ಮರೆಯುವ ಹಾಗಿಲ್ಲ. ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿತ್ತು. ಪಕ್ಕದ ಚಹಾ ಅಂಗಡಿ, ಅಲ್ಲಿದ್ದ ಜನ, ನಿಂತಿದ್ದ ವಾಹನಗಳು ಗಂಗಾವಳಿ ಹೊಳೆಯ ಪಾಲಾದವು. ಕೇರಳದ ಲಾರಿ ಚಾಲಕನೊಬ್ಬನ ದೇಹ ಸಿಕ್ಕಿದ್ದು ಸೆಪ್ಟೆಂಬರ್ ಕೊನೆಗೆ. ಅದರ ನಡುವೆ ಆಗಸ್ಟ್ 7ರ ನಡುರಾತ್ರಿ ಕಾರವಾರ ಮತ್ತು ಸದಾಶಿವಗಡದ ನಡುವಿನ ಹಳೆಯ ಕಾಳಿ ಸೇತುವೆ ಮುರಿದು ಬಿತ್ತು. ಒಂದು ಲಾರಿ ನದಿಗೆ ಬಿತ್ತು, ಅದರ ಚಾಲಕನನ್ನು ಬದುಕಿಸಿ ತಂದರು. ಹುಡುಗ ಇವೆರಡನ್ನೂ ಸೇರಿಸಿ ಬರೆದಿದ್ದ. ಕನ್ನಡ, ನಡುವೆ ನಮ್ಮ ಮನೆಯ ದಖ್ಖನಿ ಉರ್ದು, ಅಲ್ಲಲ್ಲಿ ಕೊಂಕಣಿ. ‘ಸೇತುವೆ ಬಿದ್ದಾಗ ಊರೇ ಎದ್ದಿತು, ಏಳಬೇಕಾದವರು ಆಗಲೂ ಮಲಗಿದ್ದರು’ ಎಂಬ ಒಂದು ಸಾಲಿತ್ತು. ತಾಳವಾದ್ಯ ಯಾವುದೂ ಇರಲಿಲ್ಲ, ತೊಡೆಯ ಮೇಲೆ ಬೆರಳಿನಿಂದ ತಟ್ಟಿಕೊಂಡೇ ಹೇಳಿದ. ಮಸೀದಿಯ ಅಂಗಳದಲ್ಲಿ ಹೊರಟು ನಿಂತಿದ್ದ ಇಬ್ಬರು ಹಿರಿಯರು ಚಪ್ಪಲಿ ಹಾಕಿಕೊಳ್ಳುವುದನ್ನು ಮರೆತು ಕೇಳಿದರು. ಒಬ್ಬರ ಕಣ್ಣು ಒದ್ದೆಯಾಗಿತ್ತು. ಅವರ ಬಂಧುವೊಬ್ಬರು ಆ ಹೆದ್ದಾರಿಯಲ್ಲೇ ಲಾರಿ ಓಡಿಸುವವರು.

ನಾನು ಅವನಿಗೆ ಹೇಳಿದ್ದು ಇಷ್ಟು. “ನೋಡು, ಮೊದಲ ಎರಡು ಹಾಡು ನಿನ್ನವಲ್ಲ, ಬಾಡಿಗೆಗೆ ತಂದವು. ಮೂರನೆಯದು ನಿನ್ನದು. ಚಂದನ್ ಶೆಟ್ಟಿ ಹಾಡು ಮಾಡುವ ಮೊದಲು ವರ್ಷಗಟ್ಟಲೆ ಇನ್ನೊಬ್ಬರ ಕೈಕೆಳಗೆ ದುಡಿದರು, ಅದನ್ನು ನೀನು ನೋಡಲಿಲ್ಲ. ರಿಝ್ ಅಹ್ಮದ್ ದೊಡ್ಡ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿದರು, ಅದನ್ನೂ ನೋಡಲಿಲ್ಲ. ಓದು ಬಿಟ್ಟವನ ಶಬ್ದಭಂಡಾರ ಎರಡು ವರ್ಷದಲ್ಲಿ ಖಾಲಿಯಾಗುತ್ತದೆ. ಆಮೇಲೆ ಪೆಗ್ಗೇ ಗತಿ. ಪಿಯುಸಿ ಮುಗಿಸು, ಪದವಿಗೆ ಸೇರು. ಬರೆಯುವುದನ್ನು ಬಿಡಬೇಡ. ಬರೆದದ್ದನ್ನು ಮೊದಲು ನಿನ್ನ ಅಮ್ಮಿಗೆ ಓದಿ ಹೇಳು. ಅಮ್ಮಿಯ ಮುಂದೆ ಹೇಳಲಾಗದ ಸಾಲು ಬಂದರೆ ಅದನ್ನು ಹೊಡೆದು ಹಾಕು.”

“ಅಮ್ಮಿಗೆ ರ‍್ಯಾಪ್ ಅರ್ಥವಾಗುವುದಿಲ್ಲ ಹಜ್ರತ್” ಎಂದ. “ಅರ್ಥವಾಗುವ ಹಾಗೆ ಬರೆ. ಅದೇ ನಿನ್ನ ಪರೀಕ್ಷೆ” ಎಂದೆ.

ಅವನು ಪರೀಕ್ಷೆ ಬರೆದ, ಪಾಸಾದ, ಈಗ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದಾನೆ. ಬೆಂಗಳೂರಿನ ಆಸೆ ಹೋಗಿಲ್ಲ. ಹೋಗಬೇಕೆಂದು ನಾನೂ ಹಟ ಹಿಡಿದಿಲ್ಲ. ತಾಯಿಗೆ ಪೂರ್ತಿ ಸಮಾಧಾನವಾಗಿದೆ ಎಂದು ಹೇಳಲಾರೆ. ಮೊನ್ನೆ ಸಿಕ್ಕಾಗ “ದಿನಾ ಅಡಿಗೆಮನೆಗೆ ಬಂದು ಏನೇನೋ ಹೇಳುತ್ತಾನೆ ಹಜ್ರತ್, ನನ್ನ ಅನ್ನ ಸೀದುಹೋಗುತ್ತದೆ” ಎಂದು ದೂರಿದರು. ದೂರಿನಲ್ಲಿ ಸ್ವಲ್ಪ ಸಂತೋಷವೂ ಇತ್ತು ಎಂದು ನನಗೆ ಅನಿಸಿತು. ಮಗ ತಾಯಿಯ ಬಳಿ ಬಂದು ಮಾತಾಡುತ್ತಿದ್ದಾನಲ್ಲ, ಈ ಕಾಲದಲ್ಲಿ ಅದೇನು ಸಣ್ಣ ವಿಷಯವೇ?

ತಂದೆತಾಯಂದಿರೇ, ನಿಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಮಗನ ಅಥವಾ ಮಗಳ ಮೊಬೈಲಿನಲ್ಲಿ ಏನು ಹಾಡುತ್ತಿದೆ ಎಂದು ಕದ್ದು ನೋಡಬೇಡಿ, ಕೇಳಿ ನೋಡಿ. ‘ಇದರ ಅರ್ಥ ಏನು ಹೇಳು’ ಎಂದು ಕೇಳಿ. ಅರ್ಥ ಹೇಳುವಾಗ ಎಷ್ಟೋ ಹಾಡುಗಳು ತಾವಾಗಿಯೇ ನಾಚಿ ಹಿಂದೆ ಸರಿಯುತ್ತವೆ. ನೋಟುಪುಸ್ತಕ ಸಿಕ್ಕಿದರೆ ಹರಿಯಬೇಡಿ, ಆ ಅಜ್ಜಿಯ ಹಾಗೆ ಎರಡು ಸಾಲು ಬರೆದಿಡಿ. ಸುಕ್ರಜ್ಜಿಯ ಕಥೆ ಹೇಳಿ, ಹಸ್ಸಾನ್(ರ)ರ ಕಥೆ ಹೇಳಿ. ಮಾತು ಅಮಾನತ್ ಎಂದು ಹೇಳಿ. ನಮ್ಮ ನಾಲಿಗೆಯಿಂದ ಹೊರಟ ಪ್ರತಿಯೊಂದು ಮಾತನ್ನೂ ಬರೆದಿಡುವವರು ಇದ್ದಾರೆ ಎಂಬ ನಂಬಿಕೆ ನಮ್ಮದು. ಅದು ಬಸ್ಸಿನಲ್ಲಿ ಆಡಿದ ಮಾತಿಗೂ ಅನ್ವಯಿಸುತ್ತದೆ, ಕೋಟಿ ಜನ ನೋಡಿದ ವಿಡಿಯೊಕ್ಕೂ ಅನ್ವಯಿಸುತ್ತದೆ.

ನಮ್ಮ ಮಕ್ಕಳ ನಾಲಿಗೆಗೆ ಅಲ್ಲಾಹನು ಸತ್ಯದ ಬಲವನ್ನೂ ಒಳ್ಳೆಯ ಮಾತಿನ ಸವಿಯನ್ನೂ ಕೊಡಲಿ. ಅದನ್ನು ಕೂತು ಕೇಳುವ ತಾಳ್ಮೆಯನ್ನು ನಮಗೂ ಕೊಡಲಿ. ಆಮೀನ್.